ಕೂಗಿ ಕರೆದ ತೋಳಕ್ಕೆ ಬೆಳಕು ಹಿಡಿಯಬಹುದೇ?

ರಾತ್ರಿ ಹೊತ್ತು ಸ್ಪೀಕರಿನಲ್ಲಿ ಮೊಲದ ಚೀರಾಟ ಕೇಳಿಸಿ, ಕೊಯೊಟೆ (ಅಲ್ಲಿನ ತೋಳದ ಜಾತಿಯ ಚಿಕ್ಕ ಪ್ರಾಣಿ), ನರಿಗಳನ್ನು ಹತ್ತಿರಕ್ಕೆ ಕರೆದು, ದೀಪದ ಬೆಳಕಿನಲ್ಲಿ ಹೊಡೆಯುವುದು ಅಮೆರಿಕದ ಬೇಟೆಗಾರರ ಕ್ರಮ. ನಮ್ಮಲ್ಲಿ ಬೇಟೆಗೆ ಕಾನೂನಿನ ನಿಷೇಧವಿದೆ. ಆದರೆ ಕ್ಯಾಮೆರಾ ಹಿಡಿದವರು ತೋಳ ನೋಡಲು ಇದೇ ಉಪಾಯ ಹೂಡುವುದುಂಟು. ಹಾಗೆ ಕರೆದಾಗ ಬೆಳಕು ಬೇಕೇ, ಬೇಡವೇ? ಇಬ್ಬರ ವಾದ ಇಲ್ಲಿದೆ.

ಪರ: ಬೆಳಕಿಲ್ಲದೆ ಕೂರುವುದೇ ಅಪಾಯ

ಕತ್ತಲಲ್ಲಿ ನಮ್ಮ ಕಡೆಗೆ ಬರುತ್ತಿರುವುದು ಏನೆಂದು ನಮಗೆ ಗೊತ್ತಿರಬೇಕು. ನನ್ನ ವಾದದ ತಿರುಳು ಇಷ್ಟೇ. ಮೊಲ ಚೀರಿತೆಂದು ತೋಳವೇ ಬರಬೇಕೆಂದಿಲ್ಲ. ನರಿ ಬರಬಹುದು, ಊರ ನಾಯಿ ಬರಬಹುದು, ಚಿರತೆಯೂ ಬರಬಹುದು. ಅದು ಹತ್ತು ಮಾರು ದೂರಕ್ಕೆ ಬಂದ ಮೇಲೆ ಗಾಬರಿಬಿದ್ದು ಮೊಬೈಲ್ ಟಾರ್ಚ್ ಹಚ್ಚುವುದಕ್ಕಿಂತ ಮೊದಲಿನಿಂದಲೇ ಹದವಾದ ಬೆಳಕು ಇಟ್ಟುಕೊಳ್ಳುವುದು ಪ್ರಾಣಿಗೂ ಒಳ್ಳೆಯದು, ನಮಗೂ ಒಳ್ಳೆಯದು.

ನಾನು ಹೇಳುತ್ತಿರುವುದು ಜೀಪಿನ ಮೇಲಿನ ಸರ್ಚ್‌ಲೈಟ್ ಅಲ್ಲ, ಕೆಂಪು ಬೆಳಕು. ನಾಯಿ ಜಾತಿಯ ಪ್ರಾಣಿಗಳಲ್ಲಿ ಬಣ್ಣ ಗುರುತಿಸುವ ಕಣ್ಣಿನ ಕೋಶಗಳು ಎರಡೇ ಬಗೆ. ಕೆಂಪು ಅವುಗಳಿಗೆ ಮಂಕಾಗಿ ಕಾಣುತ್ತದೆ. ಅದನ್ನೂ ಮುಖಕ್ಕೆ ನೇರ ಹಿಡಿಯಬಾರದು. ದೀಪವನ್ನು ತುಸು ಮೇಲೆತ್ತಿ, ಕಿರಣದ ನಡುಭಾಗ ಗಾಳಿಯಲ್ಲೇ ಹೋಗುವಂತೆ, ಕೆಳಗಿನ ಅಂಚು ಮಾತ್ರ ನೆಲ ಸವರುವಂತೆ ನಿಧಾನವಾಗಿ ತಿರುಗಿಸಬೇಕು. ಅಕ್ಷಿಪಟಲದ ಹಿಂದಿನ ಹೊಳಪಿನ ಪದರ ಆ ಮಸುಕು ಬೆಳಕನ್ನೇ ಮರಳಿಸುತ್ತದೆ, ಕಣ್ಣು ಎರಡು ಕೆಂಡಗಳಂತೆ ಕಾಣುತ್ತದೆ. ಕುರಿಯ ಕಣ್ಣೂ ಹೊಳೆಯುತ್ತದೆ. ಆದರೆ ಅದರ ಕಣ್ಣು ತಲೆಯ ಮಗ್ಗುಲಿಗಿರುವುದರಿಂದ ಬಹಳ ಸಲ ಒಂದೇ ಕಾಣುತ್ತದೆ. ಮಾಂಸಾಹಾರಿಯ ಎರಡೂ ಕಣ್ಣು ಮುಂದಕ್ಕೆ. ಅದು ನಮ್ಮ ಮೇಲಿಂದ ಗಾಳಿ ಬೀಸಿಹೋಗುವ ಕಡೆಗೆ ಸುತ್ತು ಹಾಕಿ, ವಾಸನೆ ನೋಡಿಯೇ ಹತ್ತಿರ ಬರುತ್ತದೆ. ಆದ್ದರಿಂದ ಬೆನ್ನ ಹಿಂದೆಯೂ ಬೆಳಕು ಆಡಿಸುತ್ತಿರಬೇಕು.

ಮುಂಡರಗಿ ಕಡೆಯ ಒಂದು ಎರೆಹೊಲ. ಬಿಳಿಜೋಳ ಕಿತ್ತಾಗಿತ್ತು. ಹೊಲದವರ ಒಪ್ಪಿಗೆ ಪಡೆದು ಬದುವಿಗೆ ಆತು ಕುಳಿತಿದ್ದೆವು. ಕೂಗು ಹಾಕಿ ಸ್ವಲ್ಪ ಹೊತ್ತಿಗೆ ಬೆಳಕಿನ ಅಂಚಿನಲ್ಲಿ ಎರಡು ಕಣ್ಣು. ತಲೆ ತಗ್ಗಿಸಿ, ನಿಂತು ನಿಂತು ಬರುತ್ತಿತ್ತು. ಜೊತೆಗಿದ್ದವರು "ತೋಳ, ತೋಳ" ಎಂದು ಪಿಸುಗುಟ್ಟಿದರು. ಇನ್ನಷ್ಟು ಹತ್ತಿರ ಬಂದಾಗ ಕೊರಳಲ್ಲಿ ಏನೋ ಮಿಂಚಿತು. ಕಬ್ಬಿಣದ ಮುಳ್ಳಿನ ಪಟ್ಟಿ! ತೋಳ ಕುತ್ತಿಗೆಗೆ ಬಾಯಿ ಹಾಕದಿರಲೆಂದು ಕುರಿಗಾಹಿಗಳು ತಮ್ಮ ನಾಯಿಗೆ ಕಟ್ಟುವ ಪಟ್ಟಿ ಅದು. ಹಿಂದೆಯೇ ಹೆಗಲ ಮೇಲೆ ಕಂಬಳಿ ಹೊದ್ದು, ಕೈಯಲ್ಲಿ ಕವಣೆ ಹಿಡಿದ ಹಿರಿಯರೊಬ್ಬರು ಬಂದರು. ಪಕ್ಕದ ಹೊಲದಲ್ಲಿ ಅವರು ಕುರಿ ತರುಬಿದ್ದರು.

"ಯಾರಪ್ಪಾ ಅಲ್ಲಿ?"

ನಾನು ದೀಪವನ್ನು ನಮ್ಮ ಮುಖಗಳಿಗೇ ತಿರುಗಿಸಿ, "ಅಜ್ಜಾ, ನಾವು ತೋಳ ನೋಡಲು ಬಂದವರು" ಎಂದೆ.

"ಬೆಳಕು ಕಂಡಿತು, ಅದಕ್ಕೇ ಕೇಳಿದೆ. ಕತ್ತಲಲ್ಲಿ ಕೂತಿದ್ದರೆ ಕುರಿಗಳ್ಳರೆಂದು ಕಲ್ಲು ಬೀಸುತ್ತಿದ್ದೆ" ಎಂದರು ಅವರು.

ಬೆಳಕಿನ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿ ನನ್ನಲ್ಲಿಲ್ಲ. ಬೆಳಕಿತ್ತು, ಆದ್ದರಿಂದ ನಾಯಿಯನ್ನು ನಾಯಿಯೆಂದು ನಾವು ಗುರುತಿಸಿದೆವು, ನಮ್ಮನ್ನು ಮನುಷ್ಯರೆಂದು ಅವರು ಗುರುತಿಸಿದರು.

ಕರೆಯುವುದೇ ತಪ್ಪಲ್ಲವೇ ಎಂದು ಕೇಳುವವರಿದ್ದಾರೆ. ಅದು ಬೇರೆ ಚರ್ಚೆ. ಅವರ ಮಾತು ಕೇಳಿದರೆ ಕತ್ತಲಾದ ಮೇಲೆ ಯಾರೂ ಹೊಲದ ಕಡೆ ತಲೆ ಹಾಕುವಂತಿಲ್ಲ. ಕರೆದ ಮೇಲೆ ಕುರುಡರಂತೆ ಕೂರಬೇಡಿ ಎಂಬುದಷ್ಟೇ ನನ್ನ ಮಾತು.

ವಿರೋಧ: ದೂರದಿಂದ ನೋಡಿದರೆ ಎಲ್ಲ ದೀಪವೂ ಒಂದೇ

ಬೆಳಕನ್ನು ವಿರೋಧಿಸುವ ಪಾಲು ನನಗೆ ಬಂದಿದೆ. ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುವಾಗ ನಾನೂ ಬ್ಯಾಟರಿ ಹಿಡಿದೇ ಹೋಗುತ್ತೇನೆ. ಕೊಳಕುಮಂಡಲ ಓಡಾಡುವ ನೆಲದಲ್ಲಿ ಕಾಲಡಿಗೆ ಬೆಳಕು ಬೇಡ ಎನ್ನಲಾರೆ. ನನ್ನ ಆಕ್ಷೇಪ ಪ್ರಾಣಿಯ ಮೇಲೆ ಹಾಯಿಸುವ ಬೆಳಕಿಗೆ ಮಾತ್ರ.

ತೋಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಅನುಸೂಚಿಯಲ್ಲಿದೆ. 1972ರಲ್ಲಿ ಕಾಯ್ದೆ ಬಂದಾಗ ಪರವಾನಗಿ ಪಡೆದ ಬೇಟೆಗೆ ಇನ್ನೂ ಅವಕಾಶವಿತ್ತು; ಆಗಲೂ ವಿಶೇಷ ಅನುಮತಿಯಿಲ್ಲದೆ ಬೇಟೆಗೆ ದೀಪ ಬಳಸುವಂತಿರಲಿಲ್ಲ. ಬಂದೂಕಿನವನಿಗೇ ಸುಲಭವಾಗಿ ಕೊಡದ ದೀಪವನ್ನು ಕ್ಯಾಮೆರಾದವನಿಗೆ ಯಾಕೆ ಕೊಡಬೇಕು? ಈ ಸೀಮೆಯಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗ ಧಾಮವಿದೆ, ಕಪ್ಪತಗುಡ್ಡ ವನ್ಯಜೀವಿ ಧಾಮವೂ ಇದೆ. ಧಾಮ ಎಲ್ಲಿ ಮುಗಿದು ಹೊಲ ಎಲ್ಲಿ ಶುರುವಾಯಿತೆಂದು ಹಗಲಿನಲ್ಲೇ ಗೊಂದಲವಾಗುತ್ತದೆ.

ನನ್ನನ್ನು ನಿಜವಾಗಿ ಕಾಡುವುದು ಕಳ್ಳಬೇಟೆ. ಮೊಲಕ್ಕೆ ಬ್ಯಾಟರಿ ಹಿಡಿಯುವುದು ಹೇಗೆಂದು ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಜೋರು ಬೆಳಕು ಕಣ್ಣಿಗೆ ಬಿದ್ದ ಮೊಲ ಕಿವಿ ನಿಮಿರಿಸಿ ನಿಂತಲ್ಲೇ ನಿಲ್ಲುತ್ತದೆ. ಹತ್ತಿರ ಹೋಗುವವನ ಕೈಯಲ್ಲಿ ಬಡಿಗೆ ಇರುತ್ತದೆ. ಅರ್ಧ ಮೈಲಿ ದೂರದಲ್ಲಿ ನಿಂತ ಅರಣ್ಯ ರಕ್ಷಕನಿಗೆ ಅವನ ದೀಪಕ್ಕೂ ಕ್ಯಾಮೆರಾದವರ ದೀಪಕ್ಕೂ ವ್ಯತ್ಯಾಸ ತಿಳಿಯದು. ಒಳ್ಳೆಯವರ ದೀಪಗಳು ಹೆಚ್ಚಿದಷ್ಟೂ ಕಳ್ಳನ ದೀಪಕ್ಕೆ ಮರೆ ಸಿಗುತ್ತದೆ.

ಕಣ್ಣು ಕೋರೈಸಿದ ಪ್ರಾಣಿ ದಿಕ್ಕು ತಪ್ಪಿ ಓಡಿದರೆ ಕಟ್ಟೆಯಿಲ್ಲದ ಹಾಳುಬಾವಿ ಕಾದಿರುತ್ತದೆ. ಕೆಂಪು ಬೆಳಕಿನಿಂದ ಈ ತೊಂದರೆ ಕಡಿಮೆ ಎನ್ನುತ್ತಾರೆ; ಇರಬಹುದು, ಒಪ್ಪುತ್ತೇನೆ. ಆದರೆ ಫೋಟೊಕ್ಕಾಗಿ ಬಂದವರು ಕೆಂಪಿನಲ್ಲಿ ತೃಪ್ತರಾಗುವುದಿಲ್ಲ, ಕೊನೆಗೆ ಬಿಳಿ ದೀಪ ಹಚ್ಚಿಯೇ ತೀರುತ್ತಾರೆ.

ತೋಳ ಇದೆಯೋ ಇಲ್ಲವೋ ತಿಳಿಯಬೇಕಾದರೆ ಪ್ರಾಣಿ ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇದೆ. ಹಳ್ಳದ ಕೆಸರಿನಲ್ಲಿ ಬೆಳಗ್ಗೆ ಹೆಜ್ಜೆ ಸಿಗುತ್ತದೆ. ಕುರಿ ತರುಬಿದವರನ್ನು ಕೇಳಿದರೆ ಯಾವ ಕಡೆಯಿಂದ ಬಂದವು, ಎಷ್ಟಿದ್ದವು ಎಂಬುದನ್ನೂ ಹೇಳುತ್ತಾರೆ. ಕಣ್ಣಾರೆ ನೋಡಲೇಬೇಕು ಎನ್ನುವವರು ನಸುಕಿನಲ್ಲಿ ಹೋಗಲಿ. ಹೊತ್ತು ಮೂಡುವಾಗಲೂ ತೋಳಗಳು ಓಡಾಡುತ್ತಿರುತ್ತವೆ.