ಆಳುವ ಹಕ್ಕು ದೇವರು ಕೊಟ್ಟದ್ದೋ, ಜನ ಕೊಟ್ಟದ್ದೋ?

ಪರ: ಆಳುವವನಿಗೆ ದೇವರ ಭಯ ಇರಲಿ

ವಿಧಾನಸೌಧದ ಬಾಗಿಲ ಮೇಲೆ ಏನಿದೆ ನೋಡಿ: ‘ಸರ್ಕಾರದ ಕೆಲಸ ದೇವರ ಕೆಲಸ’. ಅದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯ ರಾಜರಲ್ಲ, ಕಾಂಗ್ರೆಸ್ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರು. ಅಂಥವರ ಕಟ್ಟಡಕ್ಕೂ ದೇವರ ಹೆಸರು ಬೇಕಾಯಿತು, ಅಲ್ವಾ?

ಸಿಂಹಾಸನ ಸ್ವಂತ ಆಸ್ತಿಯಲ್ಲ, ಲೆಕ್ಕ ಕೇಳುವವನು ಮೇಲಿದ್ದಾನೆ ಎಂಬ ನಂಬಿಕೆ ಸಣ್ಣದಲ್ಲ. ವಿಜಯನಗರದ ಅರಸರು ಶಾಸನಗಳಿಗೆ ‘ಶ್ರೀ ವಿರೂಪಾಕ್ಷ’ ಎಂದೇ ಸಹಿ ಹಾಕಿಸುತ್ತಿದ್ದರು. ತಿರುವಾಂಕೂರಿನ ಮಾರ್ತಾಂಡ ವರ್ಮ 1750ರಲ್ಲಿ ರಾಜ್ಯವನ್ನೇ ಪದ್ಮನಾಭನಿಗೆ ಒಪ್ಪಿಸಿ, ಅವನ ದಾಸನಾಗಿ ಆಳಿದ.

ಇನ್ನು ಓಟಿನ ಚಿಂತೆ ಇಲ್ಲದ ರಾಜ ದೂರ ನೋಡಬಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1905ಕ್ಕೇ, ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂತು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವುದು ದಿವಾನ ವಿಶ್ವೇಶ್ವರಯ್ಯನವರಿಗೇ ಒಪ್ಪಿಗೆ ಇರಲಿಲ್ಲ. ಮಹಾರಾಜರು ಬಗ್ಗಲಿಲ್ಲ. 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು, 1921ರಲ್ಲಿ ಮೀಸಲಾತಿ ತಂದರು.

ವಿರೋಧ: ಲೆಕ್ಕ ಕೇಳುವವರು ಇಲ್ಲೇ ಇರಬೇಕು

ಒಳ್ಳೆಯ ರಾಜನನ್ನು ತೋರಿಸುವುದು ಸುಲಭ. ಕೆಟ್ಟವನು ಬಂದರೆ? ಆ ಕಡೆಯವರು ಇಲ್ಲಿಗೆ ಬಂದಾಗ ಸುಮ್ಮನಾಗುತ್ತಾರೆ.

ರಾಜರನ್ನು ದೇವರೆಂದು ಕರೆಯುವುದು ಸರಿಯೇ ಎಂದು ಇಂಗ್ಲೆಂಡಿನ ಒಂದನೇ ಜೇಮ್ಸ್ 1610ರಲ್ಲಿ ಪಾರ್ಲಿಮೆಂಟಿನ ಮುಂದೆಯೇ ಹೇಳಿದ. ಮಗ ಚಾರ್ಲ್ಸ್ ಅದನ್ನು ಗಟ್ಟಿಯಾಗಿ ನಂಬಿದ. 1629ರಿಂದ 11 ವರ್ಷ ಪಾರ್ಲಿಮೆಂಟನ್ನೇ ಕರೆಯಲಿಲ್ಲ. ಕೊನೆಗೆ ಪಾರ್ಲಿಮೆಂಟಿನ ಪಡೆಯ ಜೊತೆಗಿನ ಯುದ್ಧದಲ್ಲಿ ಸೋತು ಕಟಕಟೆಗೆ ಬಂದಾಗಲೂ, ನನ್ನನ್ನು ವಿಚಾರಿಸಲು ನಿಮಗೆ ಯಾವ ಅಧಿಕಾರ ಎಂದೇ ಕೇಳಿದ. 1649ರ ಜನವರಿ 30ರಂದು ತಲೆ ಹೋಯಿತು. ಅದು ನ್ಯಾಯ ಎನ್ನುತ್ತಿಲ್ಲ (ತಲೆ ಕಡಿಸಿದವರೂ ಜನರನ್ನು ಕೇಳಿರಲಿಲ್ಲ). ಆದರೆ ಅರಸನನ್ನು ಇಳಿಸಲು ಬೇರೆ ದಾರಿ ಇದ್ದಿದ್ದರೆ ಕೊಡಲಿ ಬೇಕಾಗುತ್ತಿತ್ತಾ?

ನಮ್ಮ ಮೈಸೂರಿನಲ್ಲಿ 1881ರಲ್ಲೇ ದಿವಾನ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರುಮಾಡಿದರು. ಹೆಮ್ಮೆಯ ವಿಷಯವೇ. ಆದರೆ ಅಲ್ಲಿ ಅಹವಾಲು ಹೇಳಬಹುದಿತ್ತು, ಅಷ್ಟೇ. ನಾಲ್ವಡಿಯವರಂಥ ದೊಡ್ಡ ಮನುಷ್ಯರ ಆಳ್ವಿಕೆಯಲ್ಲೇ, 1938ರಲ್ಲಿ, ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದವರ ಮೇಲೆ ಪೊಲೀಸರ ಗುಂಡು ಬಿತ್ತು. 1947ರ ಆಗಸ್ಟ್ ಕಳೆದರೂ ಮೈಸೂರಿಗೆ ಜನರ ಸರ್ಕಾರ ಬರಲಿಲ್ಲ. ಅದನ್ನು ಕೇಳಿ ‘ಮೈಸೂರು ಚಲೋ’ ಚಳವಳಿ ನಡೆದ ಮೇಲೆ, ಅಕ್ಟೋಬರ್‌ನಲ್ಲಿ, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು.

ಜನರ ಅಧಿಕಾರವೂ ತಾನಾಗಿ ನಡೆಯುವುದಿಲ್ಲ, ಒಪ್ಪೋಣ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಬೆಂಗಳೂರಿಗೆ ಕಾರ್ಪೊರೇಟರ್‌ಗಳೇ ಇರಲಿಲ್ಲ, ಆಡಳಿತಾಧಿಕಾರಿಯೇ ಎಲ್ಲ. ರಸ್ತೆ ಗುಂಡಿ ತೋರಿಸಿ ‘ರಾಜರೇ ವಾಸಿ’ ಎನ್ನುವವರು ಇದನ್ನು ಮರೆಯುತ್ತಾರೆ. ರಾಜರ ಕಾಲಕ್ಕೆ ಹತ್ತಿರವಿದ್ದದ್ದು ಚುನಾವಣೆಯೇ ಇಲ್ಲದ ಆ ವರ್ಷಗಳು. ಒಳ್ಳೆಯ ಅಧಿಕಾರಿ ಸಿಕ್ಕಿದರೆ ನಮ್ಮ ಪುಣ್ಯ, ಇಲ್ಲದಿದ್ದರೆ ವರ್ಗಾವಣೆ ಆಗುವ ತನಕ ಕಾಯಬೇಕಿತ್ತು.