ಆಗ್ನೆಸ್ ಅವರ ಹೆಸರನ್ನು ಯಾಕೆ ನುಂಗ್ತೀರಿ?

ನಿನ್ನೆ ರಾತ್ರಿಯಿಂದ ತಲೆ ಬಿಸಿಯಾಗಿದೆ. ಬರೆದುಬಿಡದಿದ್ದರೆ ಇವತ್ತೂ ನಿದ್ದೆ ಬರಲ್ಲ.

ಇಲ್ಲೇ ಓಸ್ಲೋದಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಊಟ ಆದ ಮೇಲೆ ಒಬ್ಬರು ನಾರ್ವೆಯ ಹಳೇ ಹಾಡುಗಳ ಆಲ್ಬಮ್ ‘ರೋಸೆನ್ಸ್‌ಫೋಲೆ’ ಹಾಕಿದರು. ಆ ಆಲ್ಬಮ್ ಅಂದರೆ ನನಗೆ ಪ್ರಾಣ, ನಿಮಗೆಲ್ಲ ಗೊತ್ತೇ ಇದೆ. ಖುಷಿಯಿಂದ ಕೂತಿದ್ದೆ. ಅಷ್ಟರಲ್ಲಿ ಅವರು ಎಲ್ಲರಿಗೂ ಹೇಳಿದರು: "ಇದು ಯಾನ್ ಗಾರ್ಬಾರೆಕ್ ಆಲ್ಬಮ್. ಯಾರೋ ಹಳ್ಳಿ ಕಡೆಯ ಹೆಂಗಸಿನ ಹತ್ತಿರ ಹಾಡಿಸಿದ್ದಾರೆ."

ಯಾರೋ! ಕೈಯಲ್ಲಿ ಡಿಸ್ಕ್ ಕವರ್ ಹಿಡಿದುಕೊಂಡೇ ಈ ಮಾತು. ಆ ಕವರ್ ಮೇಲೆ ಮೊದಲ ಹೆಸರೇ ಆಗ್ನೆಸ್ ಬುಯೆನ್ ಗಾರ್ನೋಸ್. ಸ್ಯಾಕ್ಸೋಫೋನ್ ವಾದಕ ಗಾರ್ಬಾರೆಕ್ ಹೆಸರು ಅದರ ನಂತರ. ಹಾಡುಗಳನ್ನು ಹುಡುಕಿ ತಂದವರು ಆಗ್ನೆಸ್, ಹಾಡಿದವರೂ ಅವರೇ. ಗಾರ್ಬಾರೆಕ್ ಅದಕ್ಕೆ ವಾದ್ಯ ಜೋಡಿಸಿದರು. ಅಲ್ಲೇ ಹೇಳಿದೆ, ದನಿ ಸ್ವಲ್ಪ ಜೋರಾಯಿತು. ಊಟಕ್ಕೆ ಕರೆದವರಿಗೆ ಮುಜುಗರ ಆಯಿತೇನೋ. ಆದರೂ ಸುಮ್ನೆ ಇರೋಕೆ ಆಗಲಿಲ್ಲ.

ಆಗ್ನೆಸ್ ಹುಟ್ಟಿದ್ದು 1946ರಲ್ಲಿ. ಊರು ಕೋಂಗ್ಸ್‌ಬರ್ಗ್ ಪಕ್ಕದ ಯೋಂಡಾಲೆನ್. ಬುಯೆನ್ ಮನೆತನ ಅಂದರೆ ನಾರ್ವೆಯ ಜನಪದ ಸಂಗೀತದಲ್ಲಿ ದೊಡ್ಡ ಹೆಸರು. ಅಣ್ಣ ಹೌಕ್, ತಮ್ಮ ಕ್ನೂತ್, ಇಬ್ಬರೂ ಹಾರ್ಡಾಂಗರ್ ಪಿಟೀಲಿನಲ್ಲಿ ಹೆಸರು ಮಾಡಿದವರು. ಬಾರಿಸುವ ತಂತಿಗಳ ಕೆಳಗೆ ತಾವಾಗಿಯೇ ಮಿಡಿಯುವ ಇನ್ನೊಂದು ಸಾಲು ತಂತಿ ಇರುತ್ತಲ್ಲ, ಆ ಪಿಟೀಲು. ಅಂಥ ಮನೆಯಲ್ಲಿ ಆಗ್ನೆಸ್ ಹಾಡನ್ನು ಹಿಡಿದರು. ಗಾರ್ಬಾರೆಕ್ ಜೊತೆಗಿನ ಆಲ್ಬಮ್ ಬಂದದ್ದು 1989ರಲ್ಲಿ. ಅದಕ್ಕೂ ಐದು ವರ್ಷ ಮೊದಲೇ ಅವರು ‘ಡ್ರೌಮ್‌ಕ್ವೇಡೆ’ ಆಲ್ಬಮ್ ಮಾಡಿದ್ದರು.

ಡ್ರೌಮ್‌ಕ್ವೇಡೆ ಅಂದರೆ ಸಣ್ಣ ಹಾಡಲ್ಲ. ನಾರ್ವೆಯ ಟೆಲೆಮಾರ್ಕ್ ಕಡೆಯ ಹಳೇ ಕಥನಗೀತೆ. ಉಲಾವ್ ಓಸ್ಟೆಸನ್ ಅನ್ನುವವನು ಕ್ರಿಸ್‌ಮಸ್ ಹಿಂದಿನ ರಾತ್ರಿ ಮಲಗಿ ಹದಿಮೂರನೇ ದಿನ ಏಳುತ್ತಾನೆ. ಎದ್ದವನೇ ಕುದುರೆ ಹತ್ತಿ ಚರ್ಚಿಗೆ ಹೋಗುತ್ತಾನೆ. ಒಳಗೆ ಪಾದ್ರಿ ಪೂಜೆ ನಡೆಸುತ್ತಿರುವಾಗ ಇವನು ಬಾಗಿಲಲ್ಲೇ ಕೂತು, ಸತ್ತವರ ಲೋಕದಲ್ಲಿ ತಾನು ಕಂಡದ್ದನ್ನೆಲ್ಲ ಹಾಡುತ್ತಾನೆ. ಪಂಡಿತರು ಜೋಡಿಸಿದ ಪ್ರಸಿದ್ಧ ರೂಪದಲ್ಲಿ 52 ಪದ್ಯ ಇವೆ. ಇಂಥದ್ದನ್ನು ಹೊತ್ತು ತಂದವರನ್ನು "ಯಾರೋ" ಅನ್ನಬಹುದಾ?

ನನ್ನ ಸಿಟ್ಟು ಒಬ್ಬರ ಮೇಲಲ್ಲ. ಈ ಹಾಡುಗಳ ಕಥೆಯೇ ಹೀಗೆ. 1853ರಲ್ಲಿ ಲಾನ್‌ಸ್ಟಾಡ್ ಅನ್ನುವ ಪಾದ್ರಿ ನಾರ್ವೆಯ ಜನಪದ ಗೀತೆಗಳ ದೊಡ್ಡ ಸಂಗ್ರಹ ತಂದರು. ಅದರಲ್ಲಿ ಎಷ್ಟೋ ಹಾಡುಗಳನ್ನು ಮನೆ ಮನೆ ತಿರುಗಿ ಬರೆದುಕೊಂಡವರು ಓಲೆಯಾ ಕ್ರೋಗರ್ ಎಂಬ ಹೆಂಗಸು. ಪುಸ್ತಕ ಗೊತ್ತಿರುವುದು ಲಾನ್‌ಸ್ಟಾಡ್ ಹೆಸರಲ್ಲಿ. ಲಾನ್‌ಸ್ಟಾಡ್‌ಗೆ ಡ್ರೌಮ್‌ಕ್ವೇಡೆ ಹಾಡಿ ಕೊಟ್ಟವರು ಮಾರೆನ್ ರಾಮ್‌ಶೈಡ್ ಅನ್ನುವ ಹಳ್ಳಿ ಹುಡುಗಿ. ಅವರನ್ನು ನೆನೆಯುವವರು ಎಷ್ಟು ಮಂದಿ? ಹಾಡು ಹೆಂಗಸರದ್ದು, ಹೆಸರು ಇನ್ಯಾರದ್ದೋ. ನೂರೈವತ್ತು ವರ್ಷ ಕಳೆದರೂ ನಮ್ಮ ಊಟದ ಮನೆಯಲ್ಲಿ ಅದೇ ನಡೆಯುತ್ತೆ ಅಂದರೆ ಬೇಜಾರಾಗಲ್ವಾ?

ಒಬ್ಬರು ಕೇಳಿದರು, "ಗಾರ್ಬಾರೆಕ್ ಇಲ್ಲದಿದ್ದರೆ ನೀವು ಈ ಹೆಸರು ಕೇಳ್ತಿದ್ರಾ?" ಬಹುಶಃ ಇಲ್ಲ. ಒಪ್ಪಿದೆ. ಅವರು ದೊಡ್ಡ ಕಲಾವಿದರು, ಅವರ ಸ್ಯಾಕ್ಸೋಫೋನ್ ನನಗೂ ಇಷ್ಟ. ಆದರೆ ಈ ಆಲ್ಬಮ್‌ನಲ್ಲಿ ಅವರು ಸ್ಯಾಕ್ಸೋಫೋನನ್ನೇ ಎಷ್ಟು ಹಿಂದಿಟ್ಟಿದ್ದಾರೆ ನೋಡಿ. ಹೆಚ್ಚಾಗಿ ಸಿಂಥಸೈಜರ್, ತಾಳವಾದ್ಯ, ಅದೂ ಮೆಲ್ಲಗೆ. ದನಿಗೆ ಜಾಗ ಬಿಟ್ಟು ಕೂತಿದ್ದಾರೆ. ಮುಂದೆ 1993ರ ‘ಟ್ವೆಲ್ವ್ ಮೂನ್ಸ್’ಗೂ ಆಗ್ನೆಸ್ ಅವರನ್ನೇ ಕರೆದರು. ಗಾರ್ಬಾರೆಕ್‌ಗೆ ಗೊತ್ತಿದ್ದ ಬೆಲೆ ಗಾರ್ಬಾರೆಕ್ ಅಭಿಮಾನಿಗಳಿಗೆ ಗೊತ್ತಿಲ್ಲ!

‘ರೋಸೆನ್ಸ್‌ಫೋಲೆ’ಯ ‘ಮಾರ್ಗಿತ್ ಮತ್ತು ಟಾರ್ಗೈ ರಿಸ್ವೊಲ್ಲೊ’ ಹಾಡನ್ನು ಒಮ್ಮೆ ಪೂರ್ತಿ ಕೇಳಿ. 15 ನಿಮಿಷಕ್ಕೂ ಜಾಸ್ತಿ. ದನಿಯಲ್ಲಿ ನಡುಕ ಇಲ್ಲ, ಒತ್ತಾಯ ಇಲ್ಲ. ಕಥೆ ಹೇಳುವ ದನಿಯಲ್ಲೇ ಹಾಡುತ್ತಾರೆ. ಸಾಲಿನ ಕೊನೆಯ ಅಕ್ಷರಕ್ಕೆ ಬಂದಾಗ ಗಂಟಲಲ್ಲಿ ಒಂದು ಸಣ್ಣ ತಿರುವು, ಅಷ್ಟೇ. ಕೆಲವು ಸ್ವರಗಳು ಪಿಯಾನೋದ ಎರಡು ಮನೆಗಳ ನಡುವೆ ನಿಲ್ಲುತ್ತವೆ. ಅಪಸ್ವರ ಅನ್ನಬೇಡಿ, ಇಲ್ಲಿನ ಹಳೇ ಹಾಡುಗಾರಿಕೆಯೇ ಹಾಗೆ. ವಾದ್ಯ ಇಲ್ಲದೆ ಒಬ್ಬರೇ ಹಾಡುತ್ತಿದ್ದವರು, ಪಿಯಾನೋಗೆ ಯಾಕೆ ಹೊಂದಿಕೊಳ್ಳಬೇಕು?

ಇದನ್ನು ಯಾರಿಗೂ ಹೇಳಿರಲಿಲ್ಲ. ಈ ದೇಶಕ್ಕೆ ಬಂದ ಮೊದಲ ಚಳಿಗಾಲ ನನಗೆ ಇಲ್ಲಿನ ಭಾಷೆ ಬರುತ್ತಿರಲಿಲ್ಲ. ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು. ಮಾತಾಡಲು ಜನ ಇಲ್ಲ. ಎಷ್ಟೋ ಸಂಜೆ ಈ ದನಿ ಹಾಕಿಕೊಂಡು ಅತ್ತಿದ್ದೇನೆ. ಒಂದು ಪದವೂ ಅರ್ಥವಾಗುತ್ತಿರಲಿಲ್ಲ, ಆದರೂ ಯಾರೋ ನನ್ನ ಹತ್ತಿರ ಕೂತು ಮಾತಾಡಿದ ಹಾಗೆ ಅನಿಸುತ್ತಿತ್ತು. ನಾನು ಇಷ್ಟು ಸಿಟ್ಟಾಗೋದಕ್ಕೆ ಅದೂ ಒಂದು ಕಾರಣ ಇರಬಹುದು.

ಮುಂದಿನ ಸಲ ಎಲ್ಲರೂ ನಮ್ಮ ಮನೆಗೇ ಬನ್ನಿ. ಊಟ ನನ್ನದು. ಡ್ರೌಮ್‌ಕ್ವೇಡೆ ಮೊದಲಿನಿಂದ ಕೊನೆಯವರೆಗೆ ಹಾಕ್ತೀನಿ. ನಿನ್ನೆ ಆ ಮಾತು ಹೇಳಿದವರೂ ಖಂಡಿತ ಬರಬೇಕು.