ನುಂಗಿದರೆ ಔಷಧ, ಹಚ್ಚಿದರೆ ಸ್ನೋ

ತೊಡೆಸಂದಿಯ ಗಜಕರ್ಣಕ್ಕೆ ಈ ದೇಶದಲ್ಲಿ ಅತಿ ಸುಲಭವಾಗಿ ಸಿಗುವ ತಜ್ಞನೆಂದರೆ ಔಷಧದಂಗಡಿಯ ಹುಡುಗ. ದನಿ ತಗ್ಗಿಸಿ, ಅಕ್ಕಪಕ್ಕ ನೋಡಿ, "ಸ್ವಲ್ಪ ನವೆ..." ಎನ್ನುವಷ್ಟರಲ್ಲಿ ಗಾಜಿನ ಮೇಲೆ ಒಂದು ಟ್ಯೂಬ್ ಬಂದು ಕೂತಿರುತ್ತದೆ. ಎಲ್ಲಿ ಎಂದು ಅವನು ಕೇಳುವುದಿಲ್ಲ. ಅದೇ ಅವನ ದೊಡ್ಡಗುಣ. ಚರ್ಮದ ವೈದ್ಯರಾದರೋ ತೋರಿಸಿ ಎನ್ನುತ್ತಾರೆ.

ನಾನೂ ಆ ಟ್ಯೂಬಿನ ಫಲಾನುಭವಿ. ಅದರಲ್ಲಿ ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು ಮದ್ದು, ಮೇಲೆ ಒಗ್ಗರಣೆಯಂತೆ ಸ್ಟೀರಾಯ್ಡ್. ಯಾವ ರೋಗವೆಂದು ಗೊತ್ತಿಲ್ಲದಿದ್ದರೂ ಒಂದಲ್ಲ ಒಂದು ತಾಗಲಿ ಎಂಬ ಉದಾರ ನೀತಿ. ಮೂರನೇ ದಿನಕ್ಕೆ ನವೆ ಮಾಯ. ಹುಡುಗನ ಕೈಗುಣವನ್ನು ನಾಲ್ಕು ಜನರ ಮುಂದೆ ಹೊಗಳಿದೆ ಕೂಡ.

ನವೆ ಹೋಯಿತು, ನಿಜ. ಆದರೆ ನವೆ ಎಂಬುದು ಬರಿಯ ದೂರು. ಗಜಕರ್ಣ ತರುವ ಬೂಷ್ಟು, ಅಂದರೆ ಶಿಲೀಂಧ್ರ, ಚರ್ಮದ ಮೇಲ್ಪದರದ ಕೆರಾಟಿನ್ ಎಂಬ ಪ್ರೋಟೀನನ್ನು ಮೇಯತೊಡಗಿದಾಗ ಮೈಯ ರಕ್ಷಣಾಕೋಶಗಳು ಗುಲ್ಲೆಬ್ಬಿಸುತ್ತವೆ. ಅವು ಚೆಲ್ಲುವ ರಾಸಾಯನಿಕಗಳನ್ನು ಚರ್ಮದಲ್ಲಿ ಹರಡಿಕೊಂಡ ಕೂದಲಿಗಿಂತ ಸಪೂರವಾದ ನರಗಳು ಹಿಡಿದು ಬೆನ್ನುಹುರಿಗೆ ಮುಟ್ಟಿಸುತ್ತವೆ. ಅಲರ್ಜಿ ಮಾತ್ರೆ ತಡೆಯುವ ಹಿಸ್ಟಮಿನ್ ಒಂದೇ ಅಲ್ಲ, ಟಿ ಕೋಶಗಳೆಂಬ ರಕ್ಷಣಾಕೋಶಗಳು ಸುರಿಸುವ ಇಂಟರ್‌ಲ್ಯೂಕಿನ್-31 ಎಂಬ ರಾಸಾಯನಿಕದಂಥವನ್ನು ಹಿಡಿಯುವ ಗ್ರಾಹಕಗಳೂ ಆ ನರಗಳಲ್ಲೇ ಇವೆ. ಅಲರ್ಜಿ ಮಾತ್ರೆ ನುಂಗಿ ನಿದ್ದೆ ಬಂದರೂ ಕೈ ತನ್ನ ಪಾಡಿಗೆ ಕೆರೆಯುತ್ತಲೇ ಇರುವುದು ಬಹಳ ಸಲ ಇದರಿಂದಲೇ.

ಸ್ಟೀರಾಯ್ಡ್ ಮಾಡುವುದೇನು? ದೂರು ಕೊಡಲು ಬಂದವನ ಬಾಯಿಗೆ ಬಟ್ಟೆ ತುರುಕುತ್ತದೆ. ಠಾಣೆಯಲ್ಲಿ ದೂರಿಲ್ಲ, ಆದ್ದರಿಂದ ಊರಿನಲ್ಲಿ ಕಳ್ಳರಿಲ್ಲ! ಬೂಷ್ಟು ಮಾತ್ರ ತೊಡೆಯಿಂದ ಸೊಂಟಕ್ಕೆ, ಸೊಂಟದಿಂದ ಬೆನ್ನಿಗೆ ನಿರಾತಂಕವಾಗಿ ಬಡಾವಣೆ ಕಟ್ಟುತ್ತದೆ. ಗುರುತಿನ ಕೆಂಪು ಉಂಗುರವೂ ಅಳಿಸಿಹೋಗುವುದರಿಂದ ವೈದ್ಯರು 1968ರಲ್ಲೇ ಇದಕ್ಕೆ ವೇಷ ಮರೆಸಿಕೊಂಡ ಗಜಕರ್ಣ ಎಂಬರ್ಥದ ಹೆಸರಿಟ್ಟರು. ಹಚ್ಚುತ್ತ ಹೋದರೆ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿನಂಥ ಗೆರೆಗಳು ಗಂಡಸಿನ ತೊಡೆಯಲ್ಲಿ ಮೂಡುತ್ತವೆ.

ಟ್ಯೂಬ್ ಮುಗಿಯಿತೋ, ನವೆ ಬಡ್ಡಿಸಮೇತ ವಾಪಸು. ಆಗಿನ ಕೆರೆತದ ಸುಖವನ್ನು ನಾನು ಅಲ್ಲಗಳೆಯಲಾರೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಇಲಿಗಳ ಅಧ್ಯಯನದಲ್ಲಿ, ಕೆರೆದುಕೊಳ್ಳಲಾಗದಂತೆ ಕೊರಳಪಟ್ಟಿ ಹಾಕಿಸಿಕೊಂಡ ಇಲಿಗಳಿಗೆ ಊತ ಕಡಿಮೆಯಿತ್ತು. ಕೆರೆದಾಗ ನೋವಿನ ನರಗಳು ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕವನ್ನು ಬಿಡುತ್ತವೆ, ಅದು ಮಾಸ್ಟ್ ಕೋಶಗಳೆಂಬ ರಕ್ಷಣಾಕೋಶಗಳನ್ನು ಕೆಣಕುತ್ತದೆ, ಉರಿಯೂತ ಏರುತ್ತದೆ. ಕಾಲು ಕೆರೆದು ಜಗಳಕ್ಕೆ ನಿಲ್ಲುವುದು ಎಂದು ನಮ್ಮವರು ಅಂದದ್ದು ಜೀವಶಾಸ್ತ್ರ ಓದಿ ಅಲ್ಲ ಬಿಡಿ. ಕೆರೆತದಿಂದ ಚರ್ಮದ ಮೇಲಿನ ಒಂದು ಕೆಟ್ಟ ಬ್ಯಾಕ್ಟೀರಿಯಾ ಕಡಿಮೆಯಾಯಿತೆಂದೂ ಅದೇ ಅಧ್ಯಯನ ಹೇಳಿದೆ. ಮನೆಯಲ್ಲಿ ಬೈಗುಳ ಬಿದ್ದಾಗ ನಾನು ಈ ವಾಕ್ಯವನ್ನಷ್ಟೇ ಓದಿ ಹೇಳುತ್ತೇನೆ.

ಇನ್ನು ಕಾನೂನು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಶೆಡ್ಯೂಲ್ ಎಚ್ ಎಂದು ಹೆಸರು. ಸ್ಟೀರಾಯ್ಡ್ ಅದರಲ್ಲಿತ್ತು. ಆದರೆ ಮೈಗೆ ಹಚ್ಚುವ ಸರಕಿಗೆ ಬಹುಮಟ್ಟಿಗೆ ವಿನಾಯಿತಿ. ಅಂದರೆ ಬಾಯಿಯಿಂದ ಒಳಗೆ ಹೋದರೆ ಔಷಧ, ಚರ್ಮದಿಂದ ಒಳಗೆ ಹೋದರೆ ಸ್ನೋ. ಚರ್ಮವೂ ದೇಹದ ಭಾಗವೆಂಬ ಗುಮಾನಿ ಸರ್ಕಾರಕ್ಕೆ ಬಲವಾಗಿ ಬಂದದ್ದು 2018ರಲ್ಲಿ. ಆಗ 14 ಸ್ಟೀರಾಯ್ಡ್‌ಗಳ ಮುಲಾಮಿಗೆ ಚೀಟಿ ಬೇಕೆಂದಾಯಿತು.

ಬೂಷ್ಟು ಅಷ್ಟರವರೆಗೆ ಕಾಯುತ್ತ ಕೂತಿರಲಿಲ್ಲ. ಟರ್ಬಿನಾಫಿನ್ ಎಂಬ ಮುಖ್ಯ ಮದ್ದಿಗೆ ಹಲವೆಡೆ ಜಗ್ಗದ ತಳಿಯೊಂದಕ್ಕೆ 2020ರಲ್ಲಿ ಜಪಾನಿನ ವಿಜ್ಞಾನಿಗಳು ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ನಾಮಕರಣ ಮಾಡಿದರು. 2023ರಲ್ಲಿ ಅದು ನ್ಯೂಯಾರ್ಕ್‌ನಲ್ಲೂ ಪತ್ತೆಯಾಯಿತು. ದೇಶದ ಹೆಸರು ಕಡಲಾಚೆ ಮೊಳಗಬೇಕೆಂದು ಹಂಬಲಿಸುವವರು ಯಾರೂ ಇದಕ್ಕೆ ಹಾರ ಹಾಕಿದಂತಿಲ್ಲ.

ಮೊನ್ನೆ ಅದೇ ಅಂಗಡಿಯಲ್ಲಿ ಹೊಸ ಫಲಕ ಕಂಡೆ: "ವೈದ್ಯರ ಚೀಟಿಯಿಲ್ಲದೆ ಔಷಧ ಕೊಡಲಾಗುವುದಿಲ್ಲ." ಪರವಾಗಿಲ್ಲವೇ ಎಂದು ಸುಮ್ಮನೆ ಪರೀಕ್ಷಿಸಲು ದನಿ ತಗ್ಗಿಸಿ ನವೆ ಎಂದೆ. ಹುಡುಗ ಫಲಕವನ್ನು ಪಕ್ಕಕ್ಕೆ ಸರಿಸಿ ಅದರ ಹಿಂದಿನ ಡಬ್ಬಿಗೆ ಕೈಹಾಕಿದ. "ದೊಡ್ಡ ಟ್ಯೂಬೇ ಕೊಡಲೇ ಸರ್? ಮನೆಯವರಿಗೂ ಆಗುತ್ತದೆ."